ಲಿವರಿನಲ್ಲಿ ಕೂತ ತಾಮ್ರವನ್ನು ಅಳೆಯುವುದು ಹೇಗೆ?

ಇಂಗಳೇಶ್ವರದ ಸುತ್ತಲಿನ ಊರುಗಳಲ್ಲಿ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವುದು ಹೊಸದೇನಲ್ಲ. ತಂದೆ, ತಾಯಿ ಇಬ್ಬರಿಂದಲೂ ಎಟಿಪಿ7ಬಿ ಎಂಬ ಜೀನಿನ ಕೆಟ್ಟ ಪ್ರತಿ ಬಂದ ಮಗುವಿಗೆ ವಿಲ್ಸನ್ ಕಾಯಿಲೆ ಬರುತ್ತದೆ. ಒಳಸಂಬಂಧದಲ್ಲಿ ಈ ಸಾಧ್ಯತೆ ಹೆಚ್ಚು. ಈ ಕಾಯಿಲೆಯಲ್ಲಿ ಊಟದಿಂದ ಬಂದ ಹೆಚ್ಚುವರಿ ತಾಮ್ರವನ್ನು ಲಿವರು ಪಿತ್ತದೊಂದಿಗೆ ಹೊರಹಾಕಲಾರದು. ಅದು ಅಲ್ಲೇ ಕೂಡಿ, ಕ್ರಮೇಣ ಮಿದುಳಿಗೂ ಕಣ್ಣಿಗೂ ಹಬ್ಬುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ಕಂಡ ಇಂಥ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದ್ದಾರೆ.

ಮೊದಲೇ ಲಿವರಿಗೆ ಸೂಜಿ ಚುಚ್ಚುವುದಿಲ್ಲ. ರಕ್ತದಲ್ಲಿ ತಾಮ್ರ ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನನ್ನು ನೋಡುತ್ತಾರೆ, ಕಣ್ಣಿನ ಕರಿಗುಡ್ಡೆಯ ಅಂಚಿನ ಕಂದು ಉಂಗುರವನ್ನು ಸ್ಲಿಟ್ ಲ್ಯಾಂಪಿನಲ್ಲಿ ಹುಡುಕುತ್ತಾರೆ, 24 ತಾಸಿನ ಮೂತ್ರದಲ್ಲಿ ತಾಮ್ರ ಅಳೆಯುತ್ತಾರೆ. ಬೆಳಗಿನ ಮೊದಲ ಮೂತ್ರ ಚೆಲ್ಲಿ, ಅಲ್ಲಿಂದ ಮರುದಿನದ ಮೊದಲ ಮೂತ್ರದವರೆಗೆ ಎಲ್ಲವನ್ನೂ ಲ್ಯಾಬಿನವರು ಕೊಟ್ಟ ಕ್ಯಾನಿನಲ್ಲೇ ಹಿಡಿಯಬೇಕು. ಮನೆಯ ಪಾತ್ರೆ ಬೇಡ. ಈ ಮೂರರಲ್ಲೇ ಉತ್ತರ ಸ್ಪಷ್ಟವಾದರೆ ಬಯಾಪ್ಸಿ ಬೇಕಾಗುವುದಿಲ್ಲ.

ಅನುಮಾನ ಉಳಿದರೆ ಮಾತ್ರ ಪಕ್ಕೆಲುಬುಗಳ ನಡುವೆ ಸೂಜಿ ಹಾಕಿ ಲಿವರಿನ ತೆಳುವಾದ ಎಳೆಯೊಂದನ್ನು ತೆಗೆಯುತ್ತಾರೆ. ಅದಕ್ಕೂ ಮುನ್ನ ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತದೆಯೇ ಎಂದು ನೋಡಲೇಬೇಕು. ಎಳೆಯನ್ನು ಲೋಹದ ಸೋಂಕಿಲ್ಲದ ಒಣ ಟ್ಯೂಬಿನಲ್ಲಿಟ್ಟು ಕಳಿಸುತ್ತಾರೆ. ಲ್ಯಾಬಿನಲ್ಲಿ ಒಣಗಿಸಿ, ತೂಗಿ, ನೈಟ್ರಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ಆ ದ್ರಾವಣವನ್ನು ಕಾಯಿಸಿ ಆವಿಯಾಗಿಸಿದಾಗ ತಾಮ್ರದ ಪರಮಾಣುಗಳು 324.8 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಹೀರುತ್ತವೆ. ಎಷ್ಟು ಬೆಳಕು ಕಡಿಮೆಯಾಯಿತೋ ಅದರಿಂದ ತಾಮ್ರದ ಲೆಕ್ಕ. ತೂಕವನ್ನು ಒಣಗಿಸಿಯೇ ಹಿಡಿಯುವುದು ಏಕೆಂದರೆ ಹಸಿ ತುಣುಕಿನಲ್ಲಿ ನೀರಿನ ಅಂಶ ಒಂದೇ ಸಮನಿರುವುದಿಲ್ಲ.

ಆರೋಗ್ಯವಂತರಲ್ಲಿ ಒಣತೂಕದ ಪ್ರತಿ ಗ್ರಾಮಿಗೆ ಸಾಮಾನ್ಯವಾಗಿ 50 ಮೈಕ್ರೋಗ್ರಾಮಿಗಿಂತ ಕಡಿಮೆ ತಾಮ್ರವಿರುತ್ತದೆ. 250 ದಾಟಿದರೆ ವಿಲ್ಸನ್ ಅನುಮಾನ ಬಲವಾಗುತ್ತದೆ. ಆದರೆ ಅಂಕಿಯೊಂದನ್ನೇ ನಂಬುವುದು ತಪ್ಪು. ಪಿತ್ತ ದೀರ್ಘಕಾಲ ಕಟ್ಟಿಕೊಂಡರೂ ತಾಮ್ರ ಏರುತ್ತದೆ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಕಾಸಿದ ಹಾಲಿನೊಂದಿಗೆ ನಂಟು ಹಚ್ಚಲಾದ, ಹಿಂದೆ ನಮ್ಮ ದೇಶದ ಕೂಸುಗಳನ್ನು ಕಾಡಿದ ಸಿರೋಸಿಸ್‌ನಲ್ಲೂ ಏರುತ್ತಿತ್ತು. ಗಂಟುಗಟ್ಟಿದ ಲಿವರಿನಲ್ಲಂತೂ ತಾಮ್ರ ಸಮನಾಗಿ ಹರಡಿರುವುದಿಲ್ಲ, ಬರಿದಾದ ಜಾಗದ ತುಣುಕು ಸಿಕ್ಕರೆ ವರದಿ ಸುಳ್ಳು ಹೇಳುತ್ತದೆ.

ಎಂಆರ್‌ಐ ಸಾಲದೇ ಎಂದು ಕೇಳುವವರಿದ್ದಾರೆ. ಥಲಸ್ಸೀಮಿಯಾ ಮಕ್ಕಳ ಲಿವರಿನಲ್ಲಿ ಸೇರಿದ ಕಬ್ಬಿಣಕ್ಕೆ ಸಾಕು, ಏಕೆಂದರೆ ಕಬ್ಬಿಣ ಅಯಸ್ಕಾಂತಕ್ಷೇತ್ರವನ್ನು ಕದಡುತ್ತದೆ. ತಾಮ್ರವನ್ನು ಹಾಗೆ ಅಳೆಯಲು ಬರುವುದಿಲ್ಲ.

ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಖಚಿತವಾದರೆ ಒಡಹುಟ್ಟಿದ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ. ಲಕ್ಷಣ ಕಾಣುವ ಮೊದಲೇ ಔಷಧಿ ಶುರುವಾದರೆ ಲಿವರು ಉಳಿಯುತ್ತದೆ. ಚೆನ್ನಾಗಿಯೇ ಇದ್ದಾರೆ ಎನಿಸಿದರೂ ಅಣ್ಣತಮ್ಮ, ಅಕ್ಕತಂಗಿಯರನ್ನು ತಪ್ಪದೆ ಪರೀಕ್ಷೆಗೆ ಕರೆದೊಯ್ಯಿರಿ.