ಅಜ್ಜಿಯ ಊರು ಯಾವುದು?

ಮಕ್ಕಳಿಲ್ಲದೆ ದಕ್ಷಿಣ ಕೊರಿಯಾದಲ್ಲಿ ಶಾಲೆಗಳು ಮುಚ್ಚುತ್ತಿರುವ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. 2023ರಲ್ಲಿ ಅಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 0.72ಕ್ಕೆ ಇಳಿಯಿತು. ಜನಸಂಖ್ಯೆ ಇದ್ದಷ್ಟೇ ಇರಬೇಕೆಂದರೂ 2.1 ಬೇಕು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತೆಲಂಗಾಣದ ಸಂಖ್ಯೆ 1.8, ಕರ್ನಾಟಕದ್ದು 1.7. ಗಡಿಯ ಎರಡೂ ಬದಿಗೆ ಇಳಿತವೇ.

ದಾರಿ ಮಾತ್ರ ಬೇರೆ. ಕೊರಿಯಾ, ಜಪಾನಿನಲ್ಲಿ ಮದುವೆಯಾಗದೆ ಮಕ್ಕಳನ್ನು ಹೆರುವುದು ಅಪರೂಪ. ಮನೆಯ ಬೆಲೆ, ಟ್ಯೂಷನ್ ಖರ್ಚು, ಮನೆಗೆಲಸವೆಲ್ಲ ಹೆಂಡತಿಯ ತಲೆಗೆ ಬೀಳುವುದು, ಇವುಗಳಿಂದ ಮದುವೆ ತಡವಾಯಿತು, ಕೆಲವರಿಗೆ ಬೇಡವೇ ಆಯಿತು. ನಮ್ಮಲ್ಲಿ ಮದುವೆಗೇನೂ ಕೊರತೆಯಿಲ್ಲ. ಅದೇ ಸಮೀಕ್ಷೆಯಲ್ಲಿ ತೆಲಂಗಾಣದ 20–24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 23.5ರಷ್ಟು ಮಂದಿ 18 ತುಂಬುವ ಮೊದಲೇ ಮದುವೆಯಾದವರು. ಎರಡು ಮಕ್ಕಳಾದ ಮೇಲೆ ಆಪರೇಷನ್. ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಶೇ. 60ಕ್ಕೂ ಹೆಚ್ಚು ಮಂದಿಗೆ ಅದಾಗಿದೆ. ಗಂಡಸರ ಲೆಕ್ಕ ಕೇಳದಿರುವುದೇ ಮೇಲು.

ಗಡಿ ಕನ್ನಡಿಗರಾದ ನಮಗೆ ಇದರಲ್ಲಿ ಇನ್ನೊಂದು ಚಿಂತೆ ಇದೆ. 1956ರಲ್ಲಿ ಜಹೀರಾಬಾದ್, ನಾರಾಯಣಖೇಡ್ ತಾಲ್ಲೂಕುಗಳು ಬೀದರ ಜಿಲ್ಲೆಯಿಂದ, ತಾಂಡೂರು ಗುಲ್ಬರ್ಗಾ ಜಿಲ್ಲೆಯಿಂದ ಕಳಚಿ ಆಂಧ್ರಪ್ರದೇಶದಲ್ಲಿ ಉಳಿದವು. ಜಿಲ್ಲೆ ಬದಲಾಯಿತು, ಬೀಗತನ ಬದಲಾಗಲಿಲ್ಲ. ಹುಮನಾಬಾದ್, ಔರಾದ, ಸೇಡಂ, ಚಿಂಚೋಳಿ ಕಡೆಯಿಂದ ಸೊಸೆ ತರುವುದು, ಆ ಕಡೆ ಮಗಳನ್ನು ಕೊಡುವುದು ನಡೆದೇ ಇತ್ತು. ಸೋದರಮಾವನ ಮನೆಯಲ್ಲೋ ಸೋದರತ್ತೆಯ ಮನೆಯಲ್ಲೋ ಸಂಬಂಧ ನೋಡುವ ರೂಢಿಯಿಂದ ಈ ನಂಟು ತಲೆಮಾರು ದಾಟಿತು. ಹಾಗೆ ಬಂದ ತಾಯಿಯಿಂದಲೇ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಕನ್ನಡ ಬಂತು, ಶಾಲೆಯಲ್ಲಿ ಕಲಿತದ್ದು ತೆಲುಗೋ ಇಂಗ್ಲಿಷೋ ಆದರೂ.

ಐದಾರು ಮಕ್ಕಳಿದ್ದ ಮನೆಯಿಂದ ಒಬ್ಬಳು ಬೀದರಕ್ಕೆ, ಒಬ್ಬಳು ಹೈದರಾಬಾದಿಗೆ, ಒಬ್ಬಳು ಪಕ್ಕದ ಊರಿಗೆ ಹೋಗುತ್ತಿದ್ದಳು. ಈಗಿರುವುದು ಒಬ್ಬ ಮಗ, ಒಬ್ಬ ಮಗಳು. ಮಗಳು ಹೈದರಾಬಾದಿನ ಕೆಲಸದ ಹುಡುಗನನ್ನು ಒಪ್ಪಿದರೆ, ಒಪ್ಪಲಿ, ಅದು ಅವಳ ಇಷ್ಟ. ಆದರೆ ಗಡಿಯಾಚೆಗೆ ಕೊಡಲು ಆ ಮನೆಯಲ್ಲಿ ಇನ್ನೊಬ್ಬ ಮಗಳಿಲ್ಲ. ಅವಳ ಮಕ್ಕಳಿಗೆ ದೊಡ್ಡಮ್ಮ, ಚಿಕ್ಕಮ್ಮ ಎಂದು ಕರೆಯಲು ತಾಯಿಯ ಕಡೆ ಯಾರೂ ಇರುವುದಿಲ್ಲ. ಇರುವವನು ಒಬ್ಬ ಸೋದರಮಾವ. ರಕ್ತಸಂಬಂಧದೊಳಗಿನ ಮದುವೆ ಕಡಿಮೆಯಾಗುವುದು ಮಕ್ಕಳ ಆರೋಗ್ಯಕ್ಕೆ ಒಳ್ಳೆಯದೇ, ಅದನ್ನು ಮರಳಿ ತರಿ ಎಂದು ನಾವು ಹೇಳುವುದಿಲ್ಲ. ಹೆಚ್ಚು ಹೆರಿ ಎಂದೂ ಹೇಳುವುದಿಲ್ಲ. ಕೊರಿಯಾ ಸರ್ಕಾರ ರಾಶಿ ಹಣ ಸುರಿದರೂ 2024ರಲ್ಲಿ ಆ 0.72 ಏರಿದ್ದು 0.75ಕ್ಕೆ ಮಾತ್ರ.

ನಮಗೆ ಸದ್ಯ ಬೇಕಾದದ್ದು ಒಂದು ಲೆಕ್ಕ. ಮುಂದಿನ ಸಭೆಗೆ ಬರುವ ಸದಸ್ಯರು ತಮ್ಮ ಮನೆಯಲ್ಲಿ ಹದಿನೈದು ವರ್ಷದೊಳಗಿನ ಮಕ್ಕಳು ಎಷ್ಟು, ಅವರಲ್ಲಿ ಕನ್ನಡ ಮಾತಾಡುವವರೆಷ್ಟು, ತಾಯಿಯ ಹಾಗೂ ಅಜ್ಜಿಯ ತವರೂರು ಯಾವುದು ಎಂದು ಬರೆದು ತನ್ನಿ. ಬೇಸಿಗೆ ಶಿಬಿರವನ್ನು ಗಡಿಯ ಈಚೆ ನಡೆಸಬೇಕೋ, ಮಕ್ಕಳನ್ನೇ ಅಜ್ಜಿಯ ಊರಿಗೆ ಕರೆದೊಯ್ಯಬೇಕೋ ಎಂಬುದನ್ನು ಅದನ್ನು ನೋಡಿಯೇ ತೀರ್ಮಾನಿಸುತ್ತೇವೆ.