ಊರಿಗೊಬ್ಬಳು ಒಡತಿ

ಎಲ್ಲ ದೇವರಿಗೂ ಸೇರಿ ಒಂದು ಗಡಿಗೆ ಜೇನು. ಲ್ಯಾಬಿರಿಂತಿನ ಒಡತಿಗೆ ಒಂದು ಗಡಿಗೆ ಜೇನು. ಕ್ರೀಟ್ ದ್ವೀಪದ ಕ್ನೋಸಸ್ ಅರಮನೆಯ ಗುಮಾಸ್ತನೊಬ್ಬ 3,300 ವರ್ಷಗಳಿಗೂ ಹಿಂದೆ ಹಸಿಮಣ್ಣಿನ ಫಲಕದ ಮೇಲೆ ಗೀಚಿಟ್ಟ ಲೆಕ್ಕವಿದು. ಉಳಿದವರೆಲ್ಲರಿಗೂ ಸಂದಷ್ಟು ಈಕೆಯೊಬ್ಬಳಿಗೇ ಸಂದಿದೆ. ಯಾರೀಕೆ? ಫಲಕ ಹೆಸರು ಹೇಳುವುದಿಲ್ಲ. ಅರಮನೆಯವರಿಗೆ ಹೇಳುವ ಅಗತ್ಯವೂ ಇದ್ದಿರಲಾರದು.

ಲೀನಿಯರ್ ಬಿ ಎನ್ನುವ ಆ ಲಿಪಿಯನ್ನು 1952ರಲ್ಲಿ ಮೈಕೆಲ್ ವೆಂಟ್ರಿಸ್ ಎಂಬ ವಾಸ್ತುಶಿಲ್ಪಿ ಬಿಡಿಸಿದ. ಅಲ್ಲಿಯವರೆಗೆ ಗ್ರೀಕ್ ದೇವಿಯರ ಲಿಖಿತ ಚರಿತ್ರೆ ಹೋಮರ್ ಮತ್ತು ಹೆಸಿಯಡ್‌ರಿಂದ ಶುರುವಾಗುತ್ತಿತ್ತು. ಒಲಿಂಪಸ್ ಬೆಟ್ಟದ ಮೇಲೊಂದು ತುಂಬು ಸಂಸಾರ, ಅದಕ್ಕೆ ಜ್ಯೂಸ್ ಯಜಮಾನ, ಹೀರಾ ಮನೆಯೊಡತಿ. ಮಣ್ಣಿನ ಫಲಕಗಳು ತೋರಿಸಿದ್ದು ಬೇರೆಯದೇ ಲೋಕ. ಪೈಲೋಸ್ ಅರಮನೆಯ ಫಲಕಗಳಲ್ಲಿ ಹೀರಾ, ಆರ್ಟೆಮಿಸ್ ಹೆಸರುಗಳಿವೆ, ‘ಕುದುರೆಗಳ ಒಡತಿ’ಯೂ ಇದ್ದಾಳೆ. ಕ್ನೋಸಸ್‌ನಲ್ಲಿ ಹೆರಿಗೆಯ ದೇವತೆ ಐಲಿಥಿಯಾಳಿಗೂ ಜೇನು ಹೋಗಿದೆ. ಅಮ್ನಿಸೋಸ್‌ನಲ್ಲಿರುವ ಅವಳ ಗವಿಯ ಪ್ರಸ್ತಾಪ ಶತಮಾನಗಳ ನಂತರ ಒಡಿಸ್ಸಿ ಕಾವ್ಯದಲ್ಲೂ ಬರುತ್ತದೆ. ಅಫ್ರೋಡೈಟಿಯ ಸುಳಿವು ಮಾತ್ರ ಎಲ್ಲೂ ಇಲ್ಲ.

ಇವರೆಲ್ಲರ ಹಿಂದೆ ಒಬ್ಬಳೇ ಆದಿಮಾತೆಯನ್ನು ಕಾಣುವ ಆಸೆ ಹಳೆಯದು. 1903ರಲ್ಲಿ ಕ್ನೋಸಸ್ ಅಗೆಸುತ್ತಿದ್ದ ಆರ್ಥರ್ ಈವನ್ಸ್‌ಗೆ ಹಾವು ಹಿಡಿದ ಹೆಣ್ಣುಬೊಂಬೆಗಳು ಚೂರುಚೂರಾಗಿ ಸಿಕ್ಕವು. ಇಂದು ಪುಸ್ತಕಗಳ ಮುಖಪುಟದಲ್ಲಿ ಮೆರೆಯುವ ಪುಟ್ಟ ‘ಸರ್ಪದೇವತೆ’ಯ ತಲೆ ಆಗ ಹೊಸದಾಗಿ ಮಾಡಿ ಕೂಡಿಸಿದ್ದು. ಮುಂದೆ ಪುರಾತತ್ವಜ್ಞೆ ಮರಿಯಾ ಗಿಂಬುಟಾಸ್ ಆದಿಮಾತೆಯ ಈ ಕಲ್ಪನೆಯನ್ನೇ ಬೆಳೆಸಿ, ಶಾಂತಿಪ್ರಿಯವಾದ ಮಾತೃಪೂಜಕ ಯುರೋಪನ್ನು ಕುದುರೆ ಏರಿ ಬಂದವರ ಗಂಡುದೇವರುಗಳು ತುಳಿದವು ಎಂದು ವಾದಿಸಿದರು. ಓದಲು ಸೊಗಸಾದ ವಾದ. ಆದರೆ ಅವರಿಗೂ ಮುಂಚೆ, 1968ರಲ್ಲೇ, ಪುರಾತತ್ವಜ್ಞ ಪೀಟರ್ ಯುಕೋ ಇಂಥ ಪ್ರಾಚೀನ ಬೊಂಬೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಎಷ್ಟೋ ಬೊಂಬೆಗಳು ಹೆಣ್ಣೋ ಗಂಡೋ ಎಂದು ಹೇಳುವುದೇ ಕಷ್ಟ ಎಂದು ತೋರಿಸಿದ್ದರು. ಒಬ್ಬಳೇ ತಾಯಿ ಎನ್ನುವುದು ಒಲಿಂಪಸ್ಸಿನ ಒಂದೇ ಸಂಸಾರದಷ್ಟೇ ಅಚ್ಚುಕಟ್ಟಾದ ಕಲ್ಪನೆ.

ನೆಲದ ಮೇಲಿನ ಪೂಜೆ ಅಷ್ಟು ಅಚ್ಚುಕಟ್ಟಾಗಿರಲಿಲ್ಲ.

ಆರ್ಟೆಮಿಸ್‌ಳನ್ನೇ ನೋಡಿ. ಅಥೆನ್ಸ್ ಸೀಮೆಯ ಬ್ರೌರಾನ್‌ನಲ್ಲಿ ಪುಟ್ಟ ಹುಡುಗಿಯರು ಅವಳ ಮುಂದೆ ‘ಕರಡಿ’ಗಳಾಗಿ ಸೇವೆ ಮಾಡುತ್ತಿದ್ದರು, ಹೆಂಗಸರು ಅವಳಿಗೆ ಉಡುಪುಗಳನ್ನು ಒಪ್ಪಿಸುತ್ತಿದ್ದರು, ಅವುಗಳ ಪಟ್ಟಿಯನ್ನು ಕಲ್ಲಿನಲ್ಲಿ ಕೆತ್ತಿಸಿಡಲಾಗುತ್ತಿತ್ತು. ಏಜಿಯನ್ ಕಡಲಾಚೆ ಎಫೆಸಸ್‌ನಲ್ಲಿ ಅದೇ ಹೆಸರಿನವಳ ಎದೆಯ ತುಂಬ ಗೊಂಚಲು ಗೊಂಚಲು ಉಬ್ಬುಗಳು. ಅವು ಮೊಲೆಗಳೆಂದು ಹಳೆಯ ಕ್ರೈಸ್ತ ಲೇಖಕರು ಬರೆದರು. ಅಲ್ಲಿನ ಅತ್ಯಂತ ಹಳೆಯ ಗುಡಿಯ ಉತ್ಖನನದಲ್ಲಿ ಹನಿಯಾಕಾರದ ಅಂಬರ್ ಪದಕಗಳು ಸಿಕ್ಕ ಮೇಲೆ, ಮರದ ಮೂರ್ತಿಗೆ ತೊಡಿಸಿದ ಆಭರಣಗಳೇ ಮುಂದೆ ಶಿಲೆಗೆ ಇಳಿದಿರಬೇಕೆಂಬ ವಾದ ಬಲಗೊಂಡಿದೆ. ಕಾವ್ಯಗಳ ಬೇಟೆಗಾತಿ ಕನ್ಯೆ ಆರ್ಟೆಮಿಸ್‌ಳಿಗೂ ಈಕೆಗೂ ಹೆಸರೊಂದನ್ನು ಬಿಟ್ಟರೆ ಹೋಲಿಕೆ ಕಡಿಮೆ.

ಅಫ್ರೋಡೈಟಿ ಬಂದದ್ದು ಪೂರ್ವದಿಂದ. ಸೈಪ್ರಸ್‌ನ ಅವಳ ಗುಡಿಗೆ ಅಸ್ಕಲೋನ್‌ನ ಗುಡಿಯೇ ಮೂಲ ಎಂದು ಹೆರೊಡೊಟಸ್ ಬರೆಯುತ್ತಾನೆ. ಬ್ಯಾಬಿಲೋನಿನ ಇಶ್ತಾರ್, ಫಿನೀಷಿಯದ ಅಸ್ತಾರ್ತೆಯ ನೆರಳು ಅವಳ ಮೇಲಿದೆ. ಚೆಲುವಿನ ದೇವತೆ ಎಂದರೆ ಕಣ್ಣಿಗೆ ಬರುವುದು ನಗ್ನ ಅಮೃತಶಿಲೆ. ಆದರೆ ಸೈಪ್ರಸ್‌ನ ಪಾಫೋಸ್‌ನಲ್ಲಿದ್ದ ಮುಖ್ಯ ಗುಡಿಯಲ್ಲಿ ಅವಳ ಪ್ರತೀಕವಾಗಿದ್ದದ್ದು ಶಂಕುವಿನಾಕಾರದ ಒಂದು ಶಿಲೆ.

ಹೋಮರನಲ್ಲಿ ಗಂಡನೊಡನೆ ಜಗಳಕ್ಕೆ ನಿಲ್ಲುವ ಹೀರಾ, ಆರ್ಗೋಸ್ ಮತ್ತು ಸಾಮೋಸ್‌ಗಳಲ್ಲಿ ನಾಡನ್ನೇ ಕಾಯುವ ದೇವತೆ. ಒಲಿಂಪಿಯಾದಲ್ಲಂತೂ ಅವಳ ಗುಡಿ ಕ್ರಿ.ಪೂ. 600ರ ಸುಮಾರಿನದು, ಜ್ಯೂಸ್‌ನ ಮಹಾಮಂದಿರ ಎದ್ದದ್ದು ಒಂದು ಶತಮಾನಕ್ಕೂ ಹೆಚ್ಚು ಕಾಲದ ಮೇಲೆ. ಅಥೆನ್ಸ್‌ನಲ್ಲಿ ಶಿಲ್ಪಿ ಫಿಡಿಯಸ್ ಚಿನ್ನ, ದಂತಗಳಿಂದ ರೂಪಿಸಿದ ಸುಮಾರು 12 ಮೀಟರ್ ಎತ್ತರದ ಅಥೀನಾ ಪಾರ್ಥೆನಾನ್‌ನಲ್ಲಿ ಬೆಳಗುತ್ತಿದ್ದಳು. ಆದರೂ ಪ್ಯಾನಥೆನಾಯ ಹಬ್ಬದಲ್ಲಿ ಊರ ಹೆಣ್ಣುಮಕ್ಕಳು ನೇಯ್ದ ಹೊಸ ಉಡುಗೆ ಸಲ್ಲುತ್ತಿದ್ದದ್ದು ಆಲಿವ್ ಮರದ ಹಳೆಯ ಮೂರ್ತಿಗೆ. ಅದರ ಅರ್ಚಕಿ ಹೆಣ್ಣೇ. ಲಿಸಿಮಾಕೆ ಎಂಬಾಕೆ 64 ವರ್ಷ ಆ ಸ್ಥಾನದಲ್ಲಿದ್ದಳಂತೆ. ರಾಜಕೀಯ ಸಭೆಯಲ್ಲಿ ಹೆಂಗಸರಿಗೆ ಬಾಯಿ ತೆರೆಯಲೂ ಅವಕಾಶವಿಲ್ಲದ ನಗರವದು.

ಮಣ್ಣಿಗೆ ಹತ್ತಿರವಿದ್ದವಳು ಡಿಮೀಟರ್. ಬಿತ್ತನೆಯ ಹೊತ್ತಿಗೆ ಬರುವ ಥೆಸ್ಮೊಫೋರಿಯಾ ಹಬ್ಬಕ್ಕೆ ಗಂಡಸರಿಗೆ ಪ್ರವೇಶವಿಲ್ಲ. ಅಥೆನ್ಸ್‌ನಲ್ಲಿ ಅದು ಮೂರು ದಿನ. ನಡುವಿನ ದಿನ ಹೆಂಗಸರು ಉಪವಾಸವಿದ್ದು ನೆಲದ ಮೇಲೆ ಕೂರುತ್ತಿದ್ದರು. ಮುಂಚೆಯೇ ಹೊಂಡಕ್ಕೆ ಎಸೆದಿದ್ದ ಹಂದಿಮರಿಗಳ ಕೊಳೆತ ಅವಶೇಷವನ್ನು ಮೇಲೆ ತಂದು ಬಲಿಪೀಠದ ಮೇಲಿಟ್ಟು, ಬಿತ್ತನೆ ಬೀಜಕ್ಕೆ ಬೆರೆಸುತ್ತಿದ್ದರು. ಗೊಬ್ಬರವೇ ಪ್ರಸಾದ! ಎಲ್ಯೂಸಿಸ್‌ನಲ್ಲಿ ನಡೆಯುತ್ತಿದ್ದ ಅವಳ ಗುಪ್ತ ದೀಕ್ಷೆಗೆ ಗ್ರೀಕ್ ಬಲ್ಲ ಹೆಂಗಸರೂ ಗುಲಾಮರೂ ಅರ್ಹರು. ನಾಲ್ಕನೇ ಶತಮಾನದ ಕೊನೆಯಲ್ಲಿ ಕ್ರೈಸ್ತ ಚಕ್ರವರ್ತಿ ಥಿಯೊಡೋಸಿಯಸ್ ಹಳೆಯ ಪೂಜೆಗಳನ್ನು ನಿಷೇಧಿಸಿದ, ಹಿಂದೆಯೇ ಗೋಥರ ದಾಳಿಯಾಗಿ ಗುಡಿ ಪಾಳುಬಿತ್ತು.

ಆದರೆ ಹೊಲಗಳು ಪಾಳು ಬೀಳಲಿಲ್ಲವಲ್ಲ. 1801ರಲ್ಲಿ ಇಂಗ್ಲಿಷ್ ಪ್ರವಾಸಿ ಎಡ್ವರ್ಡ್ ಡೇನಿಯಲ್ ಕ್ಲಾರ್ಕ್ ಎಲ್ಯೂಸಿಸ್‌ಗೆ ಹೋದಾಗ, ಕುತ್ತಿಗೆಯವರೆಗೆ ತಿಪ್ಪೆಯಲ್ಲಿ ಹೂತಿದ್ದ ಒಂದು ಕಲ್ಲಿನ ಹೆಣ್ಣುಮೂರ್ತಿ ಕಂಡಿತು. ಬೆಳೆ ಕಾಯುವವಳು ಇವಳೇ ಎಂದು ನಂಬಿದ್ದ ಕ್ರೈಸ್ತ ರೈತರು ಹಬ್ಬಹರಿದಿನಗಳಲ್ಲಿ ಅದಕ್ಕೆ ದೀಪ ಹಚ್ಚುತ್ತಿದ್ದರು. ಕ್ಲಾರ್ಕ್ ಅಧಿಕಾರಿಗಳಿಂದ ಅಪ್ಪಣೆ ಪಡೆದು ಮೂರ್ತಿಯನ್ನು ಕಿತ್ತೊಯ್ದ. ಇದನ್ನು ಒಯ್ಯುವ ಹಡಗು ಮುಳುಗುತ್ತದೆ ಎಂದು ಊರವರು ಎಚ್ಚರಿಸಿದ್ದರು. ಹಡಗು ಇಂಗ್ಲೆಂಡಿನ ಬೀಚಿ ಹೆಡ್ ಬಳಿ ನಿಜವಾಗಿಯೂ ಒಡೆಯಿತು. ಮೂರ್ತಿಯನ್ನು ಎತ್ತಿ ಕೇಂಬ್ರಿಡ್ಜ್‌ಗೆ ಸಾಗಿಸಿದರು. ಈಗ ಅದು ಅಲ್ಲಿನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿದೆ. ತಾನು ತಂದದ್ದು ಸಾಕ್ಷಾತ್ ಡಿಮೀಟರ್ ಎಂದೇ ಕ್ಲಾರ್ಕ್ ತಿಳಿದಿದ್ದ. ಅದು ಗುಡಿಯ ಒಳಬಾಗಿಲಲ್ಲಿ ದೇವಿಯ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ನಿಂತಿದ್ದ ಇಬ್ಬರು ಪರಿಚಾರಿಕೆಯರಲ್ಲಿ ಒಬ್ಬಳು. ಜೊತೆಯವಳು ಇನ್ನೂ ಎಲ್ಯೂಸಿಸ್‌ನಲ್ಲೇ ಇದ್ದಾಳೆ.