ಸರಪಳಿ, ಕೋನಮಾಪಕ, ಕೈಫಿಯತ್ತು: ತುಂಗಭದ್ರೆಯ ದಡದಲ್ಲಿ ಸ್ಕಾಟ್ಲೆಂಡಿನ ವಿಜ್ಞಾನ

1800ರ ಅಕ್ಟೋಬರಿನಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಮುಂದೆ ‘ದತ್ತ ಮಂಡಲ’ ಎಂದು ಕರೆಯಲ್ಪಟ್ಟ ಈ ಪ್ರದೇಶದೊಳಗೆ ಹೊಸಪೇಟೆ, ಹಂಪಿ ಮತ್ತು ಕಂಪ್ಲಿಗಳು ಸೇರಿದ್ದವು. ಸಂಡೂರು ಮಾತ್ರ ಘೋರ್ಪಡೆ ಮನೆತನದ ಪ್ರತ್ಯೇಕ ಸಂಸ್ಥಾನವಾಗಿ ಉಳಿಯಿತು. ಈ ಹಸ್ತಾಂತರದ ಆಸುಪಾಸಿನ ವರ್ಷಗಳಲ್ಲಿ ಇಬ್ಬರು ಸ್ಕಾಟ್ಲೆಂಡಿಗರು ಇಲ್ಲಿನ ನೆಲವನ್ನು ಅಳೆದರು: ಕಾಲಿನ್ ಮೆಕೆಂಜಿ ಹಂಪಿಯ ಪಾಳುನಗರದ ಮೊದಲ ನಕ್ಷೆಯನ್ನು ರಚಿಸಿದನು, ಥಾಮಸ್ ಮನ್ರೋ ರೈತರ ಹೊಲಗದ್ದೆಗಳನ್ನು ಅಳೆಸಿ ಕಂದಾಯ ಕಟ್ಟಿದನು. ಇವರ ಕೆಲಸವನ್ನು ಕೇವಲ ಆಳುವವರ ಉಪಾಯವೆಂದು ತಳ್ಳಿಹಾಕುವುದಾಗಲಿ, ಕೇವಲ ಜ್ಞಾನದಾಹವೆಂದು ಹೊಗಳುವುದಾಗಲಿ ಸರಿಯಾಗದು. ಅದು ಎರಡೂ ಆಗಿತ್ತು, ಮತ್ತು ಸ್ಥಳೀಯ ವಿದ್ವಾಂಸರ ಹಾಗೂ ಗ್ರಾಮಾಧಿಕಾರಿಗಳ ನೆರವಿಲ್ಲದೆ ಅದು ನಡೆಯುವಂತಿರಲಿಲ್ಲ.

ಇಂಥವರು ಸ್ಕಾಟ್ಲೆಂಡಿನಿಂದಲೇ ಬಂದುದಕ್ಕೆ ಕಾರಣಗಳಿವೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಎಂಬ ಎರಡೇ ವಿಶ್ವವಿದ್ಯಾಲಯಗಳಿದ್ದು, ಅವು ಬಹುಮಟ್ಟಿಗೆ ಆಂಗ್ಲಿಕನ್ ಪಂಥದವರಿಗೆ ಮೀಸಲಾಗಿದ್ದವು. ಚಿಕ್ಕ ದೇಶವಾದ ಸ್ಕಾಟ್ಲೆಂಡಿನಲ್ಲಿ ಎಡಿನ್‌ಬರೊ, ಗ್ಲಾಸ್ಗೊ, ಸೇಂಟ್ ಆಂಡ್ರೂಸ್, ಅಬರ್ಡೀನ್ ವಿಶ್ವವಿದ್ಯಾಲಯಗಳು ಕಡಿಮೆ ಖರ್ಚಿನಲ್ಲಿ ಗಣಿತ, ರಸಾಯನ ಮತ್ತು ವೈದ್ಯಗಳನ್ನು ಕಲಿಸುತ್ತಿದ್ದವು. ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವಾಟ್ ಗ್ಲಾಸ್ಗೊ ವಿಶ್ವವಿದ್ಯಾಲಯದಲ್ಲಿ ಉಪಕರಣ ತಯಾರಕನಾಗಿದ್ದರೆ, ಭೂಮಿಯ ವಯಸ್ಸು ಊಹೆಗೂ ಮೀರಿದ್ದೆಂದು ಬಂಡೆಗಳನ್ನು ನೋಡಿ ತರ್ಕಿಸಿದ ಜೇಮ್ಸ್ ಹಟನ್ ಎಡಿನ್‌ಬರೊದವನು. 1791ರಿಂದ 1799ರವರೆಗೆ ಜಾನ್ ಸಿಂಕ್ಲೇರ್ ಸ್ಕಾಟ್ಲೆಂಡಿನ ಪ್ರತಿ ಪ್ಯಾರಿಷಿನ, ಅಂದರೆ ಚರ್ಚಿನ ಆಡಳಿತಕ್ಕೆ ಒಳಪಟ್ಟ ಪ್ರತಿ ಊರಿನ, ಪಾದ್ರಿಗೂ ಪ್ರಶ್ನಾವಳಿ ಕಳುಹಿಸಿ, ಬಂದ ಉತ್ತರಗಳಿಂದ ಇಡೀ ದೇಶದ ಬೆಳೆ, ಜನ, ರೋಗ, ಕಸುಬುಗಳ ವಿವರವನ್ನು 21 ಸಂಪುಟಗಳಲ್ಲಿ ಪ್ರಕಟಿಸಿದನು. ಹೀಗೆ ಕಲಿತ ಯುವಕರಿಗೆ ತಾಯ್ನಾಡಿನಲ್ಲಿ ಸಾಕಷ್ಟು ಉದ್ಯೋಗವಿರದ ಕಾರಣ, ಅವರಲ್ಲಿ ಅನೇಕರು ಕಂಪನಿಯ ಸೈನಿಕರಾಗಿ, ವೈದ್ಯರಾಗಿ, ಎಂಜಿನಿಯರುಗಳಾಗಿ ಭಾರತಕ್ಕೆ ಬಂದರು.

ಸ್ಕಾಟ್ಲೆಂಡಿನ ವಾಯವ್ಯದ ಲೂಯಿಸ್ ದ್ವೀಪದ ಸ್ಟೋರ್ನೊವೆಯವನಾದ ಮೆಕೆಂಜಿ 1783ರಲ್ಲಿ ಮದ್ರಾಸಿಗೆ ಬಂದನು. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರನ ಜೀವನಚರಿತ್ರೆಗಾಗಿ ಹಿಂದೂ ಗಣಿತದ ಮಾಹಿತಿ ಕಲೆಹಾಕುವ ಆಸಕ್ತಿ ಅವನಿಗೆ ಮೊದಲೇ ಹತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣದ ಪತನದ ನಂತರ ಆರಂಭವಾದ ಮೈಸೂರು ಸರ್ವೆಯ ಹೊಣೆ ಅವನ ಮೇಲೆ ಬಿತ್ತು; ಸುಮಾರು ಒಂದು ದಶಕ ನಡೆದ ಈ ಕೆಲಸ ಹತ್ತಿರಹತ್ತಿರ 40,000 ಚದರ ಮೈಲಿಗಳನ್ನು ಆವರಿಸಿತು. ಅದರಲ್ಲಿ ಬಳಸಿದ್ದು ತ್ರಿಕೋನ ಸರ್ವೆಯ ವಿಧಾನ: ಸಮತಟ್ಟಾದ ನೆಲದ ಮೇಲೆ ಒಂದು ಗೆರೆಯ ಉದ್ದವನ್ನು ಅತಿ ಎಚ್ಚರದಿಂದ ಅಳೆದು, ಅದರ ಎರಡು ತುದಿಗಳಿಂದ ದೂರದ ಬೆಟ್ಟದ ನೆತ್ತಿಯೊಂದನ್ನು ಥಿಯೊಡೊಲೈಟ್ ಎಂಬ ಕೋನಮಾಪಕದಲ್ಲಿ ನೋಡಿ ಕೋನಗಳನ್ನು ಗುರುತಿಸಿಕೊಂಡರೆ, ಬೆಟ್ಟವನ್ನು ಹತ್ತದೆಯೇ ಅದರ ದೂರವನ್ನು ಲೆಕ್ಕಹಾಕಬಹುದು, ಆ ತ್ರಿಕೋನದ ಬದಿಯೇ ಮುಂದಿನ ತ್ರಿಕೋನದ ಆಧಾರವಾಗುತ್ತ ಹೋಗಿ ಇಡೀ ಸೀಮೆ ನಕ್ಷೆಯೊಳಗೆ ಬರುತ್ತದೆ.

1799–1800ರ ಸುಮಾರಿಗೆ ಮೆಕೆಂಜಿ ಸಿದ್ಧಪಡಿಸಿದ ಹಂಪಿಯ ನಕ್ಷೆಯಿಂದಲೇ ವಿಜಯನಗರದ ಅವಶೇಷಗಳ ಆಧುನಿಕ ಅಧ್ಯಯನ ಆರಂಭವಾಯಿತೆಂದು ಇತಿಹಾಸಕಾರರು ಹೇಳುತ್ತಾರೆ. ಆದರೆ ಅವನ ಹೆಚ್ಚಿನ ಸಾಧನೆ ಇನ್ನೊಂದಿದೆ. ಅವನ ಸಹಾಯಕರು ಪ್ರಶ್ನೆಗಳ ಪಟ್ಟಿ ಹಿಡಿದು ಊರೂರಿಗೆ ಹೋಗಿ, ಶಾನುಭೋಗರ ಕಡತಗಳಿಂದಲೂ ಹಿರಿಯರ ಬಾಯಿಂದಲೂ ಪ್ರತಿ ಗ್ರಾಮದ ಪೂರ್ವವೃತ್ತಾಂತವನ್ನು ಬರೆಸಿಕೊಂಡರು, ಕೈಫಿಯತ್ತುಗಳೆಂದರೆ ಇವೇ. ಈ ಜಾಲವನ್ನು ಕಟ್ಟಿದವರು ಏಲೂರಿನ ಕಾವಲಿ ವೆಂಕಟ ಬೊರಯ್ಯ ಮತ್ತು 1803ರಲ್ಲಿ ಅವನು ತೀರಿಕೊಂಡ ಮೇಲೆ ಅವನ ತಮ್ಮ ಲಕ್ಷ್ಮಯ್ಯ. ಹಳಗನ್ನಡ ಶಾಸನಗಳನ್ನು ಓದಿಕೊಟ್ಟವನು ಮಲೆಯೂರಿನ ಜೈನ ವಿದ್ವಾಂಸ ಧರ್ಮಯ್ಯ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ ಮೆಕೆಂಜಿ 1821ರಲ್ಲಿ ನಿಧನನಾದಾಗ ಸಂಗ್ರಹದಲ್ಲಿ 8,000ಕ್ಕೂ ಹೆಚ್ಚು ಶಾಸನಗಳ ಪ್ರತಿಗಳು, 2,000ಕ್ಕೂ ಹೆಚ್ಚು ಸ್ಥಳೀಯ ವೃತ್ತಾಂತಗಳು ಮತ್ತು 6,000ಕ್ಕೂ ಮಿಕ್ಕಿದ ನಾಣ್ಯಗಳಿದ್ದವು. ಕಂಪನಿ ಅದನ್ನು ಅವನ ವಿಧವೆಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡುಕೊಂಡಿತು. ಆ ಕೆಲಸವನ್ನು ಮುಂದುವರಿಸಲು 1830ರ ದಶಕದಲ್ಲಿ ಲಕ್ಷ್ಮಯ್ಯ ಮುಂದೆ ಬಂದಾಗ, ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯು ಅದು ಅವನ ಯೋಗ್ಯತೆಗೆ ಮೀರಿದ್ದೆಂದು ಒಪ್ಪಲಿಲ್ಲ. ಸಂಗ್ರಹವನ್ನು ಕಟ್ಟಿದ ಕೈಗೇ ಅದರ ಅಧಿಕಾರವನ್ನು ನಿರಾಕರಿಸಿದ ಈ ಅನ್ಯಾಯವನ್ನು ವಿಜ್ಞಾನದ ಇತಿಹಾಸ ಬರೆಯುವವರು ಮರೆಯಬಾರದು.

ಗ್ಲಾಸ್ಗೊದಲ್ಲಿ ಹುಟ್ಟಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದಿದ ಮನ್ರೋ 1800ರಿಂದ 1807ರವರೆಗೆ ದತ್ತ ಮಂಡಲದ ಪ್ರಧಾನ ಕಲೆಕ್ಟರನಾಗಿದ್ದನು. 1802ರಲ್ಲಿ ಆರಂಭಿಸಿದ ಹೊಲಗಳ ಸರ್ವೆಗೆ ಅವನು 33 ಅಡಿ ಉದ್ದದ ಸರಪಳಿಯನ್ನು ನಿಗದಿಪಡಿಸಿದನು. 33 ಅಡಿ ಉದ್ದ, 33 ಅಡಿ ಅಗಲದ ಚೌಕಕ್ಕೆ 1,089 ಚದರ ಅಡಿಯಾಗುತ್ತದೆ, ಅಂಥ 40 ಚೌಕಗಳು ಸೇರಿದರೆ ಸರಿಯಾಗಿ ಒಂದು ಎಕರೆ. ಕರ್ನಾಟಕದ ರೈತರು ಗುಂಟೆ ಎನ್ನುವ ಅಳತೆಯೂ ಇಷ್ಟೇ. ಅಳತೆ ಮುಗಿದ ಮೇಲೆ ಮಣ್ಣಿನ ಗುಣವನ್ನೂ ನೀರಿನ ಆಸರೆಯನ್ನೂ ನೋಡಿ ಕಂದಾಯ ಗೊತ್ತುಮಾಡುತ್ತಿದ್ದರು. ಮಳೆಯನ್ನೇ ನಂಬಿದ ಖುಷ್ಕಿ ಜಮೀನಿಗೂ, ವಿಜಯನಗರದ ಅರಸರ ಕಾಲದಿಂದ ತುಂಗಭದ್ರೆಯ ಕಾಲುವೆಗಳ ನೀರುಂಡು ಭತ್ತ ಬೆಳೆಯುತ್ತಿದ್ದ ಹೊಸಪೇಟೆ, ಕಂಪ್ಲಿಗಳ ತರಿ ಜಮೀನಿಗೂ ದರ ಬೇರೆಬೇರೆಯಾಗಿತ್ತು. ನಡುವೆ ಜಮೀನ್ದಾರನಿಲ್ಲದೆ ಸರ್ಕಾರವು ನೇರವಾಗಿ ರೈತನೊಡನೆ ಲೆಕ್ಕ ಇಟ್ಟುಕೊಳ್ಳುವ ಈ ಏರ್ಪಾಡೇ ರೈತವಾರಿ ಪದ್ಧತಿ.

ಅಳತೆ ನಿಖರವಾದ ಮಾತ್ರಕ್ಕೆ ಕಂದಾಯ ನ್ಯಾಯವಾಗುವುದಿಲ್ಲವೆಂಬುದನ್ನು ಮನ್ರೋನೇ ಕಂಡುಕೊಂಡನು. ಸರ್ವೆಯಲ್ಲಿ ಗೊತ್ತಾದ ದರ ರೈತರಿಗೆ ಹೊರೆಯಾಗಿದೆಯೆಂದು ಅರಿತು, 1807ರಲ್ಲಿ ಎಲ್ಲ ಜಮೀನುಗಳಿಗೆ ಶೇಕಡ 25ರಷ್ಟು, ಬಾವಿ ಮತ್ತು ಕೆರೆಗಳಿಂದ ನೀರು ಹಾಯಿಸಿಕೊಳ್ಳುವ ಜಮೀನುಗಳಿಗೆ ಒಟ್ಟು ಶೇಕಡ 33ರಷ್ಟು ಕಡಿತವನ್ನು ಶಿಫಾರಸು ಮಾಡಿದನು. ಮದ್ರಾಸ್ ಸರ್ಕಾರ ಆಗ ಅದನ್ನು ಒಪ್ಪಲಿಲ್ಲ; ಹದಿಮೂರು ವರ್ಷಗಳ ನಂತರ, 1820ರಲ್ಲಿ, ಮನ್ರೋ ತಾನೇ ಮದ್ರಾಸಿನ ಗವರ್ನರನಾದಾಗ ಅದು ಜಾರಿಗೆ ಬಂದಿತು. ಆ ಹದಿಮೂರು ವರ್ಷಗಳ ಭಾರ ಹೊತ್ತವರು ಇಲ್ಲಿನ ರೈತರು.

ಮುಂದಿನ ತಲೆಮಾರಿನಲ್ಲಿ ಹೊಸ ತಂತ್ರಗಳು ಬಂದವು. ಬೆಳಕಿಗೆ ಸ್ಪಂದಿಸುವ ಲವಣಗಳನ್ನು ಕಾಗದಕ್ಕೆ ಲೇಪಿಸಿ ಚಿತ್ರ ಪಡೆಯುವ ಕ್ಯಾಲೊಟೈಪ್ ವಿಧಾನವನ್ನು ಕಂಡುಹಿಡಿದವನು ಇಂಗ್ಲೆಂಡಿನ ಟಾಲ್ಬಟ್ ಆದರೂ, ಅವನ ಪೇಟೆಂಟ್ ಸ್ಕಾಟ್ಲೆಂಡಿಗೆ ಅನ್ವಯಿಸದೆ ಇದ್ದುದರಿಂದ ಅದು 1840ರ ದಶಕದಲ್ಲಿ ಎಡಿನ್‌ಬರೊದ ಹಿಲ್ ಮತ್ತು ಆಡಮ್ಸನ್ನರ ಕೈಯಲ್ಲಿ ಕಲೆಯಾಗಿ ಬೆಳೆಯಿತು. ಕಾಗದಕ್ಕೆ ಮೇಣ ಹಚ್ಚಿದರೆ ಅದನ್ನು ದಿನಗಟ್ಟಲೆ ಮುಂಚಿತವಾಗಿ ಸಿದ್ಧಪಡಿಸಿ ಇಟ್ಟುಕೊಳ್ಳಬಹುದಾದ್ದರಿಂದ, ಬಳ್ಳಾರಿ ಸೀಮೆಯಂಥ ಬಿಸಿಲಿನ ನಾಡಿಗೆ ಈ ವಿಧಾನ ಹೊಂದುತ್ತಿತ್ತು. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹೀಗೆ ತೆಗೆದ ಚಿತ್ರಗಳಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಕಾಣುತ್ತದೆ. ಇಂದು ಪ್ರವಾಸಿಗರು ನೋಡುವ ರಥಕ್ಕೆ ಆ ಶಿಖರವಿಲ್ಲ. ಸ್ಮಾರಕವೊಂದರ ಕಳೆದುಹೋದ ರೂಪಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಸಿಗಲಾರದು.

ಸಂಡೂರಿನ ಬೆಟ್ಟಗಳನ್ನು ಓದಿದವನು ಇಂಗ್ಲೆಂಡಿನ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1851ರಲ್ಲಿ ಸ್ಥಾಪನೆಯಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯಲ್ಲಿ ಅವನು 1858ರಿಂದ ದುಡಿದನು. ಇಲಾಖೆಯನ್ನು ಕಟ್ಟಿದ ಐರಿಷ್ ವಿಜ್ಞಾನಿ ಥಾಮಸ್ ಓಲ್ಡ್‌ಹ್ಯಾಮ್ ಭೂವಿಜ್ಞಾನ ಕಲಿತದ್ದು ಎಡಿನ್‌ಬರೊದಲ್ಲಿ. ಈ ಭಾಗದ ಪ್ರಾಚೀನ ಪದರಶಿಲೆಗಳಿಗೆ ಧಾರವಾಡದ ಹೆಸರನ್ನಿಟ್ಟ ಫೂಟ್, 1895ರಲ್ಲಿ ಪ್ರಕಟವಾದ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಗ್ರಂಥದಲ್ಲಿ ಸಂಡೂರು ಬೆಟ್ಟಸಾಲಿನ ಕಬ್ಬಿಣದ ಅದಿರಿನ ಸಿರಿವಂತಿಕೆಯನ್ನು ದಾಖಲಿಸಿದನು. ಮುಂದೆ ಆ ಬೆಟ್ಟಗಳು ಗಣಿಗಳಾದವು, ಮತ್ತು ಅಕ್ರಮ ಗಣಿಗಾರಿಕೆ ಮಿತಿಮೀರಿದಾಗ 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ನೆಲದಡಿ ಏನಿದೆ ಎಂದು ತಿಳಿಸುವುದು ವಿಜ್ಞಾನದ ಕೆಲಸ. ಅದನ್ನು ಎಷ್ಟು, ಯಾರಿಗಾಗಿ ತೆಗೆಯಬೇಕೆಂಬುದನ್ನು ಸಮಾಜವೇ ತೀರ್ಮಾನಿಸಬೇಕಾಗುತ್ತದೆ.

ಸ್ವಾತಂತ್ರ್ಯದ ನಂತರ ಈ ದಾಖಲೆಗಳ ಒಡೆತನದ ಅರ್ಥ ಬದಲಾಗಿದೆ. 1991ರಲ್ಲಿ ಆರಂಭವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಕರ್ನಾಟಕದ ಕೈಫಿಯತ್ತುಗಳನ್ನು ಪ್ರಕಟಿಸಿ, ಶಾನುಭೋಗರು ಬರೆಸಿದ ಮಾತುಗಳನ್ನು ಅವರ ನಾಡಿನ ಓದುಗರಿಗೇ ಮರಳಿ ದೊರಕಿಸಿತು. ಈ ದಾರಿ ಇನ್ನೂ ಮುಂದುವರಿಯಬೇಕು: ಹೊಸಪೇಟೆ, ಸಂಡೂರು, ಕಂಪ್ಲಿಗಳ ಶಾಲಾ ಕಾಲೇಜುಗಳಲ್ಲಿ ಮೆಕೆಂಜಿಯ ನಕ್ಷೆ, ಮನ್ರೋನ ಸರ್ವೆ, ಗ್ರೀನ್‌ಲಾನ ಚಿತ್ರ ಮತ್ತು ಫೂಟನ ಗ್ರಂಥಗಳು ಸ್ಥಳೀಯ ಇತಿಹಾಸದ ಪಾಠಗಳಾಗಬೇಕು, ಬೊರಯ್ಯ, ಲಕ್ಷ್ಮಯ್ಯ, ಧರ್ಮಯ್ಯರ ಹೆಸರುಗಳು ಆ ಪಾಠಗಳಲ್ಲಿ ಅಡಿಟಿಪ್ಪಣಿಗೆ ಸರಿಯದೆ ಮುಖ್ಯಪಠ್ಯದಲ್ಲೇ ನಿಲ್ಲಬೇಕು. ಹೊರಗಿನವರು ತಮ್ಮ ಅಗತ್ಯಕ್ಕೆ ಅಳೆದಿಟ್ಟ ನೆಲವನ್ನು ಅಲ್ಲಿ ಬಾಳುವವರು ತಮ್ಮ ಅಗತ್ಯಕ್ಕೆ ಓದಿಕೊಂಡಾಗಲೇ ಆ ಅಳತೆಯ ಪೂರ್ಣ ಪ್ರಯೋಜನ ದೊರೆಯುತ್ತದೆ.